ಅವ್ವನ ಮನೆ, ಅಕ್ಕನ ಮನೆ, ನನ್ನ ಮನೆ

ನಮ್ಮೂರು ಕೊಪ್ಪ ಎಂದ ಕೂಡಲೇ ಕೇಳಿದವರು, "ಓಹೋ, ಮಲೆನಾಡಿನವರು!" ಎನ್ನುತ್ತಾರೆ. ಅಲ್ಲ. ಅಡಿಕೆ, ಕಾಫಿಗಳ ಆ ಕೊಪ್ಪ ಚಿಕ್ಕಮಗಳೂರು ಜಿಲ್ಲೆಯದು, ತಾಲ್ಲೂಕು ಕೇಂದ್ರ. ಮದ್ದೂರಿನ ಕಡೆ ಇನ್ನೊಂದು ಕೊಪ್ಪ ಇದೆ. ನಮ್ಮದು ಮೈಸೂರು ಜಿಲ್ಲೆ ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪ. ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ, ಕಾವೇರಿ ಸೇತುವೆ ದಾಟಿ ಕೊಡಗಿನ ಕುಶಾಲನಗರಕ್ಕೆ ಕಾಲಿಡುವ ಮೊದಲು ಸಿಗುವ ಊರು. ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ನೋಡಲು ಹೋಗುವ ಪ್ರವಾಸಿಗರ ವಾಹನಗಳು ಇಲ್ಲಿ ಎಡಕ್ಕೆ ತಿರುಗುತ್ತವೆ. ಎಷ್ಟೋ ಜನರಿಗೆ ನಮ್ಮೂರಿನ ಪರಿಚಯ ಆ ತಿರುವಿನಷ್ಟೇ.

ಕೊಪ್ಪ ಎಂದರೆ ಚಿಕ್ಕ ಹಳ್ಳಿ ಎಂದೇ ಅರ್ಥ. ಆ ಚಿಕ್ಕ ಹಳ್ಳಿಯಲ್ಲಿ ನಾನು ಹುಟ್ಟಿ ಬೆಳೆದ ಮನೆ ಈಗ ಇಲ್ಲ. 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕುಶಾಲನಗರದ ಬಡಾವಣೆಗಳಿಗೆ ನೀರು ನುಗ್ಗಿದ್ದು ಅನೇಕರಿಗೆ ನೆನಪಿರಬಹುದು. ನಮ್ಮ ಮನೆಗೆ ಹೊಳೆ ಬರಲಿಲ್ಲ. ಬಿಡದೆ ಹೊಡೆದ ಮಳೆಗೆ ಪಡುವಣ ದಿಕ್ಕಿನ ಮಣ್ಣಿನ ಗೋಡೆ ನೆನೆದು ಮೇಲಿನಿಂದ ಕೆಳಗಿನವರೆಗೆ ಸೀಳು ಬಿಟ್ಟಿತು. ಮುಂದಿನ ಬೇಸಿಗೆಯ ಹೊತ್ತಿಗೆ ಮನೆಯನ್ನು ಇಳಿಸಲೇಬೇಕಾಯಿತು.

ಇಳಿಸುವ ಮೊದಲು ಮನೆಯೊಳಗೆ ಒಂದು ಜಗಳವಾಯಿತು. ಆ ಜಗಳದಿಂದ ನಾನು ಕಲಿತದ್ದನ್ನು ಹೇಳಲು ಈ ಬರಹ.

ನನಗೆ ನೆನಪಿರುವ ಮನೆ

ಮೊದಲು ನನ್ನ ಮನೆಯನ್ನು ತೋರಿಸುತ್ತೇನೆ, ಬನ್ನಿ.

ಬೀದಿಗೆ ಮುಖ ಮಾಡಿದ ಉದ್ದನೆಯ ಜಗಲಿ. ಅದಕ್ಕೆ ಎರಡು ಮರದ ಕಂಬ. ತಾತ ಒಂದು ಕಂಬಕ್ಕೆ ಒರಗಿ ಕೂತು ಕೂತು ಅದರ ಬೆನ್ನು ಕನ್ನಡಿಯಂತೆ ನುಣುಪಾಗಿತ್ತು. ತಲೆ ತಗ್ಗಿಸಿ ಹೊಸಿಲು ದಾಟಿದರೆ ನಡುಮನೆ. ನಡುಮನೆಯ ಮೂಲೆಯಲ್ಲಿ ಆಳೆತ್ತರದ ಮಣ್ಣಿನ ವಾಡೆ, ಅದರೊಳಗೆ ವರ್ಷದ ರಾಗಿ. ಪಕ್ಕದಲ್ಲಿ ಅಟ್ಟಕ್ಕೆ ಹತ್ತುವ ಏಣಿ. ಎಡಕ್ಕೆ ಕೊಟ್ಟಿಗೆ. ರಾತ್ರಿ ಎಚ್ಚರವಾದರೆ ಎಮ್ಮೆ ಮೆಲುಕು ಹಾಕುವ ಸದ್ದು ಕೇಳಿಸುತ್ತಿತ್ತು. ಅದು ಕೇಳಿಸಿದರೆ ಭಯವಿಲ್ಲದೆ ಮತ್ತೆ ನಿದ್ದೆ.

ಹಿಂದೆ ಅಡಿಗೆಮನೆ. ಅದಕ್ಕೆ ಕಿಟಕಿ ಇರಲಿಲ್ಲ. ಮಾಡಿನ ನಾಡಹೆಂಚುಗಳ ನಡುವೆ ಒಂದೇ ಒಂದು ಗಾಜಿನ ಹೆಂಚು. ಬೆಳಗಾದರೆ ಅದರಿಂದ ಬಿಸಿಲಿನ ಕೋಲೊಂದು ಇಳಿಯುತ್ತಿತ್ತು. ಒಲೆಯ ಹೊಗೆ ಆ ಕೋಲಿನೊಳಗೆ ಸುರುಳಿ ಸುತ್ತುವುದನ್ನು ನೋಡುತ್ತಾ ನಾನು ರೊಟ್ಟಿ ತಿನ್ನುವುದನ್ನೇ ಮರೆಯುತ್ತಿದ್ದೆ. ಬಿಸಿಲಿನ ಕೋಲು ನಿಧಾನವಾಗಿ ನೆಲದ ಮೇಲೆ ನಡೆಯುತ್ತಿತ್ತು. ಹಿತ್ತಿಲ ಬಾಗಿಲ ಬಳಿಯ ಒರಳುಕಲ್ಲಿಗೆ ಅದು ಮುಟ್ಟಿತೆಂದರೆ ಮಧ್ಯಾಹ್ನದ ಊಟದ ಹೊತ್ತು.

ಮಳೆಗಾಲದಲ್ಲಿ ಹೆಂಚಿನ ಮೇಲೆ ಬೀಳುವ ಮಳೆಯ ಸದ್ದು. ಹಬ್ಬಕ್ಕೆ ಮುಂಚೆ ಸುಣ್ಣ ಬಳಿದು ಕೆಮ್ಮಣ್ಣಿನ ಪಟ್ಟಿ ಎಳೆದ ಗೋಡೆಯ ವಾಸನೆ. ಸಗಣಿ ಸಾರಿಸಿದ ನೆಲದ ತಂಪು. ಊರು ಬಿಟ್ಟು ಮೈಸೂರು ಸೇರಿದ ಮೇಲೆ ಬಾಡಿಗೆ ಮನೆಗಳ ಮೊಸಾಯಿಕ್ ನೆಲದ ಮೇಲೆ ಮಲಗಿ ನಾನು ಎಷ್ಟೋ ರಾತ್ರಿ ನೆನೆಸಿಕೊಂಡದ್ದು ಇವನ್ನೇ.

ಇನ್ನೂ ಒಂದು ನೆನಪು. ಆಗ ನಾನು ಐದನೆಯ ತರಗತಿ. ಒಂದು ಸಂಜೆ ಅಪ್ಪ ಪಿರಿಯಾಪಟ್ಟಣದಿಂದ ಬಂದವರು ಅಂಗಿಯ ಜೇಬಿನಿಂದ ಹಳದಿ ತಗಡಿನ ಜಾಮಿಟ್ರಿ ಬಾಕ್ಸ್ ತೆಗೆದು ನನ್ನ ಕೈಗಿಟ್ಟರು. ಕೈವಾರ, ಕೋನಮಾಪಕ, ಆರಿಂಚಿನ ಸ್ಕೇಲು. ನಮ್ಮ ಬೀದಿಯಲ್ಲಿ ಅಂಥದ್ದು ಯಾರಲ್ಲೂ ಇರಲಿಲ್ಲ. ಮಾತು ಕಡಿಮೆಯಾಡುತ್ತಿದ್ದ ಅಪ್ಪನ ಪ್ರೀತಿಗೆ ನಾನು ಬದುಕಿಡೀ ಕೊಟ್ಟುಕೊಂಡ ಸಾಕ್ಷಿ ಆ ಬಾಕ್ಸು.

ಬ್ಯಾರನ್ ಕಾಯುವ ರಾತ್ರಿಗಳು

ನಮ್ಮ ಕಡೆಯ ಮನೆಯ ಕಥೆ ಹೊಗೆಸೊಪ್ಪಿನ ಮಾತಿಲ್ಲದೆ ಮುಗಿಯದು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಕಡೆಗಳಲ್ಲೆಲ್ಲ ವರ್ಜೀನಿಯಾ ತಂಬಾಕು ಬೆಳೆಯುತ್ತಾರೆ. ಮುಂಗಾರಿನ ಮೊದಲ ಮಳೆಗೆ ಸಸಿ ನೆಟ್ಟರೆ ಜುಲೈ ಕೊನೆಯಿಂದ ಎಲೆ ಮುರಿಯುವ ಕೆಲಸ. ಮುರಿದ ಎಲೆಯನ್ನು ಅಂದೇ ದಾರದಿಂದ ಕಡ್ಡಿಗೆ ಕಟ್ಟಬೇಕು. ಒಂದು ಕಡ್ಡಿಗೆ ನೂರರ ಹತ್ತಿರ ಎಲೆ. ಕಟ್ಟಿದ ಕಡ್ಡಿಗಳನ್ನು ಬ್ಯಾರನ್ನಿನೊಳಗೆ ಅಂತಸ್ತು ಅಂತಸ್ತಾಗಿ ಏರಿಸಬೇಕು.

ಬ್ಯಾರನ್ ಎಂದರೆ ಕಿಟಕಿಯಿಲ್ಲದ ಎತ್ತರದ ಕೋಣೆ. ಹೊರಗಿನ ಒಲೆಯಲ್ಲಿ ಸೌದೆ ಉರಿಯುತ್ತದೆ. ಅದರ ಬಿಸಿ ದಪ್ಪನೆಯ ತಗಡಿನ ಕೊಳವೆಗಳಲ್ಲಿ ಒಳಗೆಲ್ಲ ಸುತ್ತಿ ಹೋಗುತ್ತದೆ. ಹೊಗೆ ಎಲೆಗೆ ತಾಗಬಾರದು, ಬಿಸಿ ಮಾತ್ರ ತಾಗಬೇಕು. ಮೊದಲು ಎಲೆ ಹಳದಿಯಾಗುವಷ್ಟು ಸಣ್ಣ ಕಾವು, ಆಮೇಲೆ ಎಲೆ ಒಣಗುವಷ್ಟು, ಕೊನೆಗೆ ನಡುವಿನ ದಂಟೂ ಒಣಗಲು ಸುಮಾರು 70 ಡಿಗ್ರಿಯವರೆಗೆ. ಐದಾರು ಹಗಲು, ಐದಾರು ರಾತ್ರಿ. ಒಂದು ಕಿಲೋ ಹದವಾದ ಸೊಪ್ಪಿಗೆ ಸುಮಾರು ನಾಲ್ಕೈದು ಕಿಲೋ ಸೌದೆ ಬೇಕು. ನಡುವೆ ಕಣ್ಣು ಮುಚ್ಚಿ ಬೆಂಕಿ ಇಳಿದರೆ ಎಲೆಯ ಬಣ್ಣ ಹೋಯಿತು, ಬಣ್ಣ ಹೋದರೆ ಬೆಲೆ ಹೋಯಿತು. ಬೆಂಕಿ ಹೆಚ್ಚಾಗಿ ಒಂದು ಒಣ ಎಲೆ ಜಾರಿ ಕಾದ ಕೊಳವೆಯ ಮೇಲೆ ಬಿದ್ದರೆ ಬ್ಯಾರನ್ನೇ ಹೋಯಿತು.

ನನಗೆ ಇದೆಲ್ಲ ಹಬ್ಬವಾಗಿತ್ತು. ಅಪ್ಪನ ಜತೆ ಕಂಬಳಿ ಹೊದ್ದು ಒಲೆಯ ಮುಂದೆ ಕೂರುವುದು. ಕೆಂಡದಲ್ಲಿ ಗೆಣಸು ಸುಟ್ಟು ತಿನ್ನುವುದು. ಲಾಟೀನಿನ ಸುತ್ತ ಕೂತು ಹೆಂಗಸರು ಸೊಪ್ಪು ಕಟ್ಟುವಾಗ ಹಾಡುತ್ತಿದ್ದುದನ್ನು ಕೇಳುತ್ತಾ ಅಲ್ಲೇ ನಿದ್ದೆ ಹೋಗುವುದು. ಅವರಲ್ಲಿ ನನಗಿಂತ ಎರಡು ವರ್ಷ ದೊಡ್ಡವಳಾದ ಅಕ್ಕನೂ ಇರುತ್ತಿದ್ದಳು. ಅವಳ ದನಿ ಎಲ್ಲರಿಗಿಂತ ಮೇಲೆ.

ತಂಬಾಕು ಮಂಡಳಿ 1976ರಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಅದರ ಹರಾಜು ಮಾರುಕಟ್ಟೆಗಳು 1984ರಲ್ಲಿ ಶುರುವಾದವು. ಆ ಹರಾಜಿನ ದುಡ್ಡಿನಲ್ಲಿ ನಾನು ಪಿಯುಸಿ ಓದಿದೆ, ಡಿಗ್ರಿ ಮಾಡಿದೆ. ನನ್ನನ್ನು ಓದಿಸಿದ್ದು ಅಪ್ಪ ಮತ್ತು ಹೊಗೆಸೊಪ್ಪು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

"ನಿಂಗೆ ಸದ್ದು, ನಂಗೆ ಸೋರೋ ಜಾಗ"

ಗೋಡೆ ಬಿರಿದಾಗ ನಾನು ಹಟ ಹಿಡಿದೆ. ಮನೆ ಕೆಡವುವುದು ಬೇಡ, ಒಬ್ಬ ಒಳ್ಳೆಯ ಗಾರೆಯವನನ್ನು ಹುಡುಕಿ ಗೋಡೆ ಸರಿಮಾಡಿಸೋಣ, ಹಳೆಯ ಕಂಬ, ಹಳೆಯ ಹೆಂಚು ಹಾಗೇ ಇರಲಿ, ಮೊಮ್ಮಕ್ಕಳು ನೋಡಲಿ ಎಂದೆ. ಹಾಗೆ ಉಳಿಸಿಕೊಂಡವರಿಲ್ಲವೇ? ಕುವೆಂಪು ಅವರು 1904ರಲ್ಲಿ ಹುಟ್ಟಿದ್ದು ಆ ಇನ್ನೊಂದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಕುಪ್ಪಳಿಯ ಆ ದೊಡ್ಡ ತೊಟ್ಟಿ ಮನೆ ಇಂದು ಸ್ಮಾರಕ. ಶಾಲೆಯ ಮಕ್ಕಳು ಸಾಲುಗಟ್ಟಿ ನಿಂತು ಅದರ ಅಡಿಗೆಮನೆ, ಬಾಣಂತಿ ಕೋಣೆಗಳನ್ನು ನೋಡಿ ಬರುತ್ತಾರೆ. ನಾನೂ ನನ್ನ ಮಗಳನ್ನು ಕರೆದುಕೊಂಡು ಹೋಗಿ ಬಂದಿದ್ದೆ.

ಅವ್ವ ನನ್ನ ಭಾಷಣವನ್ನೆಲ್ಲ ಕೇಳಿಸಿಕೊಂಡಳು. ಎಪ್ಪತ್ತೈದು ದಾಟಿದ ಜೀವ. ಆಮೇಲೆ ಹೇಳಿದಳು:

"ಕೆಡವ್ಸು ಮಗ. ಮಳೆ ಬಂದ್ರೆ ನಿಂಗೆ ಹೆಂಚಿನ ಸದ್ದು ಕೇಳ್ತದೆ. ನಂಗೆ ಸೋರೋ ಜಾಗ ಕಾಣ್ತದೆ."

ನನಗೆ ಕೋಪ ಬಂತು. ಈ ಮನೆಯ ಮೇಲೆ ನಿನಗೆ ಪ್ರೀತಿಯೇ ಇಲ್ಲವೇ ಎಂದುಬಿಟ್ಟೆ. ಅವ್ವ ಉತ್ತರ ಕೊಡಲಿಲ್ಲ. ಎದ್ದು ಅಡಿಗೆಮನೆಗೆ ಹೋದಳು. ಸ್ವಲ್ಪ ಹೊತ್ತಾದ ಮೇಲೆ ಒಳಗಿಂದಲೇ ಕೂಗಿದಳು, "ಬಾ ಇಲ್ಲಿ."

ಹೋದೆ. ಒಲೆಯ ಮುಂದೆ ಕೂರಲು ಹೇಳಿದಳು. ಕೂತೆ. ಆಗ ಗ್ಯಾಸು ಬಂದಿತ್ತಾದರೂ ಸ್ನಾನದ ನೀರಿಗೆ, ದನದ ಕಲಗಚ್ಚಿಗೆ ಸೌದೆ ಒಲೆಯೇ. ಹಸಿ ಸೌದೆ. ಎರಡು ಸಲ ಊದುಗೊಳವೆ ಊದುವಷ್ಟರಲ್ಲಿ ನನ್ನ ಕಣ್ಣಲ್ಲಿ ನೀರು. ಐದು ನಿಮಿಷಕ್ಕೆ ಎದ್ದು ಹಿತ್ತಿಲಿಗೆ ಓಡಿದೆ.

"ಹದಿನೇಳು ವರ್ಷಕ್ಕೆ ಬಂದೆ ಈ ಮನೆಗೆ" ಎಂದಳು ಅವ್ವ. "ಬೆಳಿಗ್ಗೆ ನಾಕಕ್ಕೆ ರಾಗಿ ಬೀಸೋಕೆ ಕೂತ್ಕೊಂಡ್ರೆ ಹೊರಗೆ ಬೆಳಕಾದದ್ದು ಕಾಣ್ತಿರಲಿಲ್ಲ. ಆ ಗಾಜಿನ ಹೆಂಚು ನೋಡಿ ಹೊತ್ತು ತಿಳ್ಕೋಬೇಕು. ಬೀದೀಲಿ ಯಾರು ಹೋದ್ರು, ಯಾರು ಬಂದ್ರು ಒಂದೂ ಗೊತ್ತಾಗ್ತಿರಲಿಲ್ಲ. ನಂಗೊಂದು ಕಿಟಕಿ ಇರೋ ಅಡಿಗೆಮನೆ ಮಾಡ್ಕೊಡು. ಬೀದಿ ಕಡೆ ಕಿಟಕಿ."

ನನ್ನ ಕಣ್ಣಿಗೆ ಚೆಂದವಾಗಿದ್ದ ಆ ಬಿಸಿಲಿನ ಕೋಲು ಅವ್ವನಿಗೆ ಗಡಿಯಾರವಾಗಿತ್ತು. ಅವಳ ಇಡೀ ದಿನಕ್ಕೆ ಇದ್ದ ಬೆಳಕೂ ಅದೊಂದೇ.

ಗೋಡೆಯ ಮೇಲಿನ ಗೀಟುಗಳು

ಹೆಂಚು ಇಳಿಸುವ ದಿನ ಅಕ್ಕ ಹುಣಸೂರಿನ ಕಡೆಯ ತನ್ನ ಊರಿನಿಂದ ಬಂದಳು. ಅಟ್ಟದ ಸಾಮಾನುಗಳನ್ನು ಒಂದೊಂದಾಗಿ ಕೆಳಗೆ ಕೊಡುತ್ತಿದ್ದೆವು. ಅಟ್ಟದ ಗೋಡೆಯ ಮೇಲೆ ಇದ್ದಿಲಿನಲ್ಲಿ ಎಳೆದ ಗೀಟುಗಳಿದ್ದವು. ನಾಲ್ಕು ಗೀಟು, ಅದರ ಮೇಲೆ ಅಡ್ಡಲಾಗಿ ಒಂದು. ಹೀಗೆ ಹತ್ತು ಗುಂಪು. ಅವನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ತಾತ ರಾಗಿ ಮೂಟೆ ಲೆಕ್ಕ ಹಾಕಿದ್ದು ಎಂದೇ ನಂಬಿದ್ದೆ. ಮಗಳಿಗೆ ಹಾಗೆಂದೇ ಹೇಳುತ್ತಿದ್ದೆ.

ಅಕ್ಕ ನಕ್ಕಳು. "ತಾತಂದಲ್ಲ ಕಣೋ ಅದು. ನಂದು."

ಅವಳು ಏಳನೆಯ ತರಗತಿಯಲ್ಲಿದ್ದ ವರ್ಷ, 1979. ಜಾಮಿಟ್ರಿ ಬಾಕ್ಸ್ ತರಬೇಕೆಂದು ಶಾಲೆಯಲ್ಲಿ ಹೇಳಿದ್ದರಂತೆ. ಅಪ್ಪನನ್ನು ಕೇಳಿದಾಗ, "ಐನೂರು ಕಡ್ಡಿ ಸೊಪ್ಪು ಕಟ್ಟು, ಕೊಡಿಸ್ತೀನಿ" ಎಂದರಂತೆ. ಹತ್ತು ಕಡ್ಡಿಗೆ ಒಂದು ಗೀಟು. ಅಕ್ಕ ಬೆಳಿಗ್ಗೆ ಕಟ್ಟಿದಳು, ರಾತ್ರಿ ಕಟ್ಟಿದಳು. ಸೊಪ್ಪು ಹೆಚ್ಚಿದ್ದ ದಿನ ಶಾಲೆಗೆ ಹೋಗದೆ ಕಟ್ಟಿದಳು. ಇಬ್ಬನಿಯಲ್ಲಿ ನೆನೆದ ಹಸಿ ಎಲೆಯ ನಂಜು ಚರ್ಮದ ಮೂಲಕವೇ ಮೈ ಸೇರುತ್ತದೆ; ತಲೆ ಸುತ್ತುತ್ತದೆ, ವಾಂತಿಯಾಗುತ್ತದೆ. ಅದು ಎಲೆಯೊಳಗಿನ ನಿಕೋಟಿನ್ನಿನ ಕೆಲಸವೆಂದು ಇಂದು ವೈದ್ಯರು ಹೇಳುತ್ತಾರೆ. ಅಂದು ನಮ್ಮ ಮನೆಯಲ್ಲಿ ಅದಕ್ಕೆ ನಿಂಬೆಹಣ್ಣು ಕೊಟ್ಟು ಮಲಗಿಸುತ್ತಿದ್ದರು. ಬೆರಳಿಗೆ ಮೆತ್ತಿದ ಕಪ್ಪು ಅಂಟು ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲವಂತೆ. ಮುದ್ದೆ ಮುರಿದು ಬಾಯಿಗಿಟ್ಟರೆ ಮುದ್ದೆಯೇ ಕಹಿ.

"ಮತ್ತೆ ಹಾಡ್ತಿದ್ದೆಯಲ್ಲ ಅಕ್ಕ?"

"ನಿದ್ದೆ ಬರಬಾರ್ದು ಅಂತ ಹಾಡ್ತಿದ್ದೆ."

ಐನೂರು ಕಡ್ಡಿ ಮುಗಿಯುವ ಹೊತ್ತಿಗೆ ದಸರಾ ರಜೆ ಬಂದಿತ್ತು. ಅಷ್ಟರಲ್ಲಿ ಅಕ್ಕನ ಪಾಠಗಳು ಬಹಳ ಹಿಂದೆ ಬಿದ್ದಿದ್ದವು. ರಜೆ ಮುಗಿದರೂ ಅವಳು ಶಾಲೆಗೆ ಹೋಗಲಿಲ್ಲ. ಹೋಗು ಎಂದು ಯಾರೂ ಹೇಳಲೂ ಇಲ್ಲ. ಅಪ್ಪ ಮಾತು ತಪ್ಪುವವರಲ್ಲ. ಸೊಪ್ಪಿನ ದುಡ್ಡು ಕೈಗೆ ಬಂದ ದಿನ ಪಿರಿಯಾಪಟ್ಟಣದಿಂದ ಬಾಕ್ಸ್ ತಂದರು. ತಂದದ್ದನ್ನು ಓದುವ ಕೈಗೆ ಕೊಟ್ಟರು.

ಹಳದಿ ತಗಡಿನ ಆ ಬಾಕ್ಸ್.

ನನಗೆ ಮಾತು ಹೊರಡಲಿಲ್ಲ. ಅಕ್ಕನ ಮುಖದಲ್ಲಿ ದೂರು ಇರಲಿಲ್ಲ. ನಲವತ್ತು ವರ್ಷದ ಹಿಂದಿನ ಮಾತು, ಹೋಗಲಿ ಬಿಡು ಎಂದು ಮುಂದಿನ ಬುಟ್ಟಿ ಎತ್ತಿಕೊಟ್ಟಳು. ಆದರೆ ಒಂದು ಮಾತು ಸೇರಿಸಿದಳು: "ನಿನ್ನ ಮಗಳಿಗೆ ಹೇಳು. ತಾತಂದು ಅನ್ನಬೇಡ."

ಇಷ್ಟು ವರ್ಷ ನಾನು ನೆನೆಸಿಕೊಳ್ಳುತ್ತಿದ್ದ ಮನೆ ಸುಳ್ಳಾಗಿತ್ತೇ? ಸುಳ್ಳಲ್ಲ. ಗೆಣಸಿನ ರುಚಿ ನಿಜ, ಎಮ್ಮೆಯ ಮೆಲುಕು ನಿಜ, ಅಪ್ಪನ ಪ್ರೀತಿಯೂ ನಿಜ. ಆದರೆ ಅದು ಒಂದೇ ಮೂಲೆಯಿಂದ ಕಂಡ ಮನೆ. ಕೆಲಸ ಹೇಳಿಸಿಕೊಳ್ಳದೆ ಕೂತಿದ್ದ ಹುಡುಗನಿಗೆ ಕಂಡ ಮನೆ.

ಟಿಬೆಟ್ಟಿನ ಅಜ್ಜಿ ಹೇಳಿದ್ದು

ಆಗ ನನಗೆ ನೆನಪಾದದ್ದು ನಮ್ಮ ಮನೆಗೆ ಹಾಲಿಗೆ ಬರುತ್ತಿದ್ದ ಟಿಬೆಟ್ಟಿನ ಅಜ್ಜಿ. ಇಂದು ಪ್ರವಾಸಿಗರ ಊರಾಗಿರುವ ಬೈಲಕುಪ್ಪೆ ಒಂದು ಕಾಲಕ್ಕೆ ಕಾಡು. 1959ರಲ್ಲಿ ನಾಡು ಬಿಟ್ಟು ಬಂದ ಟಿಬೆಟಿಯನ್ನರಿಗೆ ಅಂದಿನ ಮೈಸೂರು ಸರ್ಕಾರ ಇಲ್ಲಿ ಸುಮಾರು ಮೂರು ಸಾವಿರ ಎಕರೆ ಜಾಗ ಕೊಟ್ಟಿತು. 1960ರಲ್ಲಿ ಶಿಬಿರ ಶುರುವಾಯಿತು. ಕಾಡು ಕಡಿದು, ಆನೆ ಓಡಿಸಿ, ಜೋಳ ಬೆಳೆದು ಅವರು ಊರು ಕಟ್ಟಿದರು. ಹೊಳೆಯುವ ಆ ಗೋಲ್ಡನ್ ಟೆಂಪಲ್ ಆದದ್ದು ಬಹಳ ತಡವಾಗಿ, 1999ರಲ್ಲಿ.

ಆ ಅಜ್ಜಿ ನಮ್ಮ ಜಗಲಿಯಲ್ಲಿ ಕೂತು ಮುರುಕು ಕನ್ನಡದಲ್ಲಿ ತನ್ನ ಮನೆಯ ಕಥೆ ಹೇಳುತ್ತಿದ್ದಳು. ನಾನು, ನಿಮ್ಮ ಮನೆಗೆ ಎಷ್ಟು ಕೋಣೆ, ಎಷ್ಟು ಬಾಗಿಲು ಎಂದು ಕೇಳುತ್ತಿದ್ದೆ. ಅವಳು ಕೋಣೆಗಳ ಲೆಕ್ಕ ಹೇಳುತ್ತಲೇ ಇರಲಿಲ್ಲ. ಇಲ್ಲಿ ಅಮ್ಮ ಹಾಲು ಕರೆಯುತ್ತಿದ್ದಳು, ಇಲ್ಲಿ ದೊಡ್ಡಕ್ಕ ಬೆಣ್ಣೆ ಕಡೆಯುತ್ತಿದ್ದಳು, ಚಪ್ಪಟೆ ಮಾಳಿಗೆಯ ಮೇಲೆ ಅಣ್ಣ ಧಾನ್ಯ ಒಣಗಿಸುತ್ತಿದ್ದ ಎಂದು ಕೈಯಲ್ಲೇ ಗಾಳಿಯಲ್ಲಿ ತೋರಿಸುತ್ತಿದ್ದಳು. ಪ್ರಶ್ನೆ ಅವಳಿಗೆ ಅರ್ಥವಾಗಿಲ್ಲ ಎಂದುಕೊಂಡಿದ್ದೆ. ಅಕ್ಕನ ಗೀಟುಗಳನ್ನು ನೋಡಿದ ದಿನ, ಅರ್ಥವಾಗದಿದ್ದುದು ನನಗೆ ಎಂದು ತಿಳಿಯಿತು. ಮನೆ ಎಂದರೆ ಯಾರು ಎಲ್ಲಿ ಏನು ಕೆಲಸ ಮಾಡುತ್ತಿದ್ದರು ಎಂಬುದೇ. ಅದು ನೆನಪಿದ್ದರೆ ಗೋಡೆ ಇಲ್ಲದಿದ್ದರೂ ಮನೆ ಇರುತ್ತದೆ.

ನಮ್ಮ ಪಕ್ಕದ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟಿನ ಹಿನ್ನೀರಿನಲ್ಲಿ ಊರುಗಳೇ ಮುಳುಗಿಹೋದವು. ಆ ಊರುಗಳ ಮನೆಗಳು ಈಗ ಇರುವುದು ಅಲ್ಲಿ ಬೆಳೆದವರ ಮಾತಿನಲ್ಲಿ ಮಾತ್ರ. ಎಲ್ಲರ ಮನೆಯೂ ಕುಪ್ಪಳಿಯ ಮನೆಯಂತೆ ಉಳಿಯುವುದಿಲ್ಲ. ಆದರೆ ಅದನ್ನು ಬಲ್ಲವರು ನಮ್ಮ ಪಕ್ಕದಲ್ಲೇ ಕೂತಿರುತ್ತಾರೆ. ನಾವು ಕೇಳುವುದಿಲ್ಲ, ಅಷ್ಟೇ.

ನೀವೂ ಕೇಳಿ ನೋಡಿ

ಈಗ ನಾನು ನನ್ನ ಮಗಳಿಗೆ ಹೇಳಿಕೊಟ್ಟ ಒಂದು ಕೆಲಸವನ್ನು ಓದುವ ಎಲ್ಲ ಮಕ್ಕಳಿಗೂ ಹೇಳುತ್ತೇನೆ. ಒಂದು ರಜೆಯ ದಿನ ಒಂದು ಹಾಳೆ, ಒಂದು ಪೆನ್ಸಿಲ್ ತೆಗೆದುಕೊಳ್ಳಿ. ಅಪ್ಪ, ಅಮ್ಮ, ಅಜ್ಜಿ, ತಾತ, ದೊಡ್ಡಮ್ಮ, ಸೋದರಮಾವ, ಯಾರಿದ್ದಾರೋ ಅವರ ಬಳಿ ಕೂತು, ಅವರು ಬೆಳೆದ ಮನೆಯ ನಕ್ಷೆ ಬರೆಸಿಕೊಳ್ಳಿ. ಒಂದೇ ಮನೆಯಲ್ಲಿ ಬೆಳೆದ ಇಬ್ಬರಿದ್ದರೆ ಬೇರೆ ಬೇರೆಯಾಗಿ ಕೂರಿಸಿ ಬರೆಸಿ. ಮನೆ ಎಷ್ಟು ದೊಡ್ಡದಿತ್ತು ಎಂದು ಕೇಳಬೇಡಿ. ನೀರು ತರುತ್ತಿದ್ದವರು ಯಾರು, ಎಷ್ಟು ದೂರದಿಂದ? ಮೊದಲು ಏಳುತ್ತಿದ್ದವರು ಯಾರು, ಕೊನೆಗೆ ಉಣ್ಣುತ್ತಿದ್ದವರು ಯಾರು? ದೀಪದ ಹತ್ತಿರ ಕೂರುತ್ತಿದ್ದವರು ಯಾರು? ಶಾಲೆ ಬಿಟ್ಟವರು ಯಾರು, ಯಾವ ತಿಂಗಳಲ್ಲಿ? ಇಷ್ಟು ಕೇಳಿ. ಎರಡು ನಕ್ಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ತಂದೆ ತಾಯಂದಿರಲ್ಲಿ ನನ್ನದೊಂದು ವಿನಂತಿ. ಮಕ್ಕಳು ಕೇಳಿದಾಗ ಚೆಂದದ್ದನ್ನಷ್ಟೇ ಹೇಳಬೇಡಿ. "ನಮ್ಮ ಕಾಲದಲ್ಲಿ ಎಷ್ಟು ಸುಖವಿತ್ತು" ಎಂದು ನಾವು ಹೇಳುವಾಗ ಆ ಸುಖಕ್ಕೆ ಬೆಲೆ ತೆತ್ತವರು ಒಳಗೆ ಹೊಗೆಯಲ್ಲಿ ಕೂತಿರುತ್ತಾರೆ. ಅವರನ್ನೂ ಜಗಲಿಗೆ ಕರೆಯಿರಿ.

ಮಗಳು ಆ ವರ್ಷ ಮೂರು ನಕ್ಷೆ ಬರೆದಳು. ನನ್ನ ನಕ್ಷೆಯಲ್ಲಿ ಜಗಲಿ ದೊಡ್ಡದು. ಅವ್ವನದರಲ್ಲಿ ಅಡಿಗೆಮನೆಯಿಂದ ನೀರಿನ ಬಾವಿಗೆ ಹೋಗುವ ದಾರಿ, ಇಡೀ ಮನೆಗಿಂತ ಉದ್ದ. ಅಕ್ಕ ಹೇಳಿ ಬರೆಸಿದ ನಕ್ಷೆಯಲ್ಲಿ ಜಗಲಿಯೇ ಇರಲಿಲ್ಲ. ಬ್ಯಾರನ್ ಇತ್ತು, ಲಾಟೀನು ಇತ್ತು, ಅಟ್ಟ ಇತ್ತು. ನಾನು ಆ ಮನೆಯಲ್ಲಿ ಹದಿನೇಳು ವರ್ಷ ಇದ್ದೆ. ಆ ಮೂರನೆಯ ಮನೆಯೊಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ.

ಹೊಸ ಮನೆಗೆ ಆರ್‌ಸಿಸಿ ಮಾಡು. ಅಡಿಗೆಮನೆಗೆ ಬೀದಿಯ ಕಡೆ ದೊಡ್ಡ ಕಿಟಕಿ. ಅವ್ವ ಅದರ ಪಕ್ಕದಲ್ಲೇ ಸ್ಟೂಲು ಹಾಕಿಸಿಕೊಂಡಳು. ಬೀದಿಯಲ್ಲಿ ಹೋಗುವವರನ್ನೆಲ್ಲ ಹೆಸರು ಹಿಡಿದು ಮಾತನಾಡಿಸತೊಡಗಿದಳು. ಗೀಟುಗಳಿದ್ದ ಗೋಡೆಯ ಒಂದು ತುಂಡನ್ನಾದರೂ ಇಟ್ಟುಕೊಳ್ಳೋಣವೇ ಎಂದು ಅಕ್ಕನನ್ನು ಕೇಳಿದ್ದೆ. "ಮಣ್ಣು ಕಣೋ ಅದು, ಹೊಲಕ್ಕೆ ಹಾಕು" ಎಂದಳು. ಹಳೆಯ ಗೋಡೆಯ ಮಣ್ಣು ಹೊಲಕ್ಕೆ ಒಳ್ಳೆಯದು ಎಂದು ನಮ್ಮ ಕಡೆ ನಂಬಿಕೆ. ಟ್ರಾಕ್ಟರಿನಲ್ಲಿ ಸಾಗಿಸಿ ಹರಡಿದೆವು. ಆ ವರ್ಷ ಅಲ್ಲಿ ಸೊಪ್ಪು ಹಾಕಲಿಲ್ಲ, ರಾಗಿ ಬಿತ್ತಿದೆವು. ತೆನೆ ಚೆನ್ನಾಗಿಯೇ ಬಂತು. ಮೊದಲ ಮೂಟೆ ಅಕ್ಕನ ಮನೆಗೆ ಹೋಯಿತು.